ಕೆಂಚನಿಗೆ ಈಗ 14 ವರ್ಷ

ನಮ್ಮ ಕೆಂಚ ಬೀದಿಯಲ್ಲಿ ಹುಟ್ಟಿದ ನಾಯಿ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ, ಮುಂದಿನ ಕೋಣೆಯಲ್ಲೇ ನನ್ನ ಟೇಲರಿಂಗ್. ಅಂಗೈಯಗಲ ಇದ್ದಾಗ ಬಂದವನು ಮೆಷಿನ್ ಕೆಳಗೆ, ಬಟ್ಟೆ ಚೂರುಗಳ ಮೇಲೆ ಮಲಗಿ ಬೆಳೆದ. ಎರಡು ವರ್ಷದಿಂದ ಅವನ ಹಿಂಗಾಲು ಸೋತಿವೆ. ಈ ಎರಡು ವರ್ಷ ನಾನು ಏನು ಮಾಡಿದೆ, ಎಲ್ಲಿ ತಪ್ಪಿದೆ ಅಂತ ಬರೆಯುತ್ತಿದ್ದೇನೆ. ಮನೆಯಲ್ಲಿ ವಯಸ್ಸಾದ ನಾಯಿ ಇರುವವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ಕರಿಯನ ವಿಷಯ ಹೇಳಬೇಕು. ಅವನೂ ನಮ್ಮನೆಯ ನಾಯಿಯೇ, ನಾಲ್ಕು ವರ್ಷದ ಹಿಂದೆ ಹೋದ. ಒಂದು ಬೇಸಿಗೆಯಲ್ಲಿ ಬೋಗುಣಿಗಟ್ಟಲೆ ನೀರು ಕುಡಿಯೋಕೆ ಶುರು ಮಾಡಿದ. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, ಸೆಕೆಗೆ ಕುಡಿಯುತ್ತಾನೆ ಅಂದುಕೊಂಡೆವು. ಸೊರಗಿದ. ವಯಸ್ಸಾಯ್ತು ಅಂದೆವು. ಊಟ ಬಿಟ್ಟ ಮೇಲೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರೆ ಕಿಡ್ನಿ ಪೂರ್ತಿ ಹಾಳಾಗಿತ್ತು. ಕಿಡ್ನಿಯ ಮುಕ್ಕಾಲು ಭಾಗ ಕೆಟ್ಟ ಮೇಲೇ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಸ, ಏರೋದು ಅಂತ ಅವತ್ತು ಗೊತ್ತಾಯ್ತು. ಎಂಟು ದಿನ ಡ್ರಿಪ್ ಹಾಕಿಸಿದೆವು, ಉಳಿಯಲಿಲ್ಲ. 'ವಯಸ್ಸಾಯ್ತು' ಅನ್ನುತ್ತಾ ಎರಡು ತಿಂಗಳು ಸುಮ್ನೆ ಕಳೆದಿದ್ದೆವು. ಆಮೇಲೆ ಕೆಂಚನ ವಿಷಯದಲ್ಲಿ ಆ ಮಾತು ಮನೆಯಲ್ಲಿ ಯಾರೂ ಆಡದ ಹಾಗೆ ನೋಡಿಕೊಂಡಿದ್ದೇನೆ.

ಅದಕ್ಕೇ ಕೆಂಚ ಕುಡಿಯುವ ನೀರು ಅಳೆಯುತ್ತೇನೆ. ಬೆಳಿಗ್ಗೆ ಒಂದು ಲೀಟರಿನ ಎರಡು ಬಾಟಲಿ ತುಂಬಿಡುತ್ತೇನೆ, ದಿನವಿಡೀ ಅವನ ಬೋಗುಣಿಗೆ ಅದರಿಂದಲೇ ಹಾಕೋದು. ಅವನ ತೂಕ 18 ಕೆ.ಜಿ. ಒಂದು ಕೆ.ಜಿ.ಗೆ 100 ಎಂ.ಎಲ್. ಲೆಕ್ಕ ಹಿಡಿದರೆ 1.8 ಲೀಟರ್. ಅದಕ್ಕಿಂತ ಜಾಸ್ತಿ ಕುಡಿದರೆ ಕಿಡ್ನಿ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಲೇಬೇಕು. ತೂಕವನ್ನು ಅಮಾವಾಸ್ಯೆಗೊಮ್ಮೆ ನೋಡುತ್ತೇನೆ, ಮರೆಯಬಾರದಲ್ಲ. ಅವನನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಲ್ಲುತ್ತೇನೆ, ಆಮೇಲೆ ನಾನೊಬ್ಬಳೇ ನಿಲ್ಲುತ್ತೇನೆ, ಕಳೆಯುತ್ತೇನೆ.

ಕಾಲಿನ ತೊಂದರೆ ಕಾಣಿಸಿದ್ದು ಮನೆಗೆ ಟೈಲ್ಸ್ ಹಾಕಿಸಿದ ವರ್ಷ. ಏಳುವಾಗ ಹಿಂಗಾಲು ಎರಡೂ ಪಕ್ಕಕ್ಕೆ ಜಾರುತ್ತಿದ್ದವು. ಒಮ್ಮೆ ಜಾರಿದವನು ಆಮೇಲೆ ಏಳೋಕೇ ಹೆದರಿದ. ಕೂಗಲಿಲ್ಲ, ನರಳಲಿಲ್ಲ. ನಾಯಿಗಳು ನೋವನ್ನು ಹಾಗೆಲ್ಲ ತೋರಿಸುವುದಿಲ್ಲ. ಮೆಟ್ಟಿಲ ಮುಂದೆ ನಿಂತು ಯೋಚನೆ ಮಾಡೋದು, ಒಂದೇ ಜಾಗ ನೆಕ್ಕುತ್ತಾ ಇರೋದು, ಮುಟ್ಟಿದರೆ ತಿರುಗಿ ನೋಡೋದು, ಇದೇ ಅವು ನೋವು ಹೇಳುವ ರೀತಿ.

ಆಗ ನಾನು ದೊಡ್ಡ ತಪ್ಪು ಮಾಡಿದೆ. ಅವ್ವನಿಗೆ ಮಂಡಿನೋವು, ಅವಳ ಡೈಕ್ಲೋಫೆನಾಕ್ ಮಾತ್ರೆ ಮನೆಯಲ್ಲಿತ್ತು. ಇಬ್ಬರದೂ ಒಂದೇ ನೋವಲ್ವಾ ಅಂತ ಅರ್ಧರ್ಧ ಮಾತ್ರೆ ಎರಡು ದಿನ ಇಡ್ಲಿಯಲ್ಲಿಟ್ಟು ಕೊಟ್ಟೆ. ಮೂರನೇ ದಿನ ಡಾಂಬರಿನ ಹಾಗೆ ಕಪ್ಪಗೆ ಭೇದಿಯಾಯ್ತು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಹೋಗುತ್ತಿತ್ತು. "ಮನುಷ್ಯರ ನೋವಿನ ಮಾತ್ರೆ ಇವಕ್ಕೆ ವಿಷ ಕಣಮ್ಮಾ, ಕಿಡ್ನೀನೂ ಹೋಗುತ್ತೆ" ಅಂದರು ಡಾಕ್ಟರ್. ಐಬುಪ್ರೊಫೆನ್ ಕೂಡ ಹಾಗೇ. ವಾರ ಬೇಕಾಯ್ತು ಅವನು ಚೇತರಿಸಿಕೊಳ್ಳೋಕೆ. ದಯವಿಟ್ಟು ಯಾರೂ ಈ ತಪ್ಪು ಮಾಡಬೇಡಿ. ಆಮೇಲೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ ಸೊಂಟದ ಎಕ್ಸ್‌ರೇ ತೆಗೆಸಿದೆವು. ಕೀಲು ಸವೆದಿದ್ದವು. ಹೊಟ್ಟೆ ಪೂರ್ತಿ ವಾಸಿಯಾದ ಮೇಲೆ, ರಕ್ತ ಪರೀಕ್ಷೆ ಮಾಡಿ, ತೂಕ ನೋಡಿ, ನಾಯಿಗೆ ಕೊಡುವ ಅಳತೆಯಲ್ಲಿ ಮೆಲಾಕ್ಸಿಕಾಂ ಅನ್ನೋ ನೋವಿನ ಔಷಧಿ ಬರೆದುಕೊಟ್ಟರು. ಊಟ ಆದ ಮೇಲೇ ಕೊಡುತ್ತೇನೆ. ಭೇದಿ ಅಥವಾ ವಾಂತಿ ಆದರೆ ಅವತ್ತು ನಿಲ್ಲಿಸಿ ಫೋನ್ ಮಾಡುತ್ತೇನೆ.

ನೆಲಕ್ಕೆ ಅವನು ಓಡಾಡುವ ದಾರಿಯುದ್ದಕ್ಕೂ ರಬ್ಬರ್ ಮ್ಯಾಟ್ ಹಾಕಿದೆ. ಮಲಗುವ ಜಾಗದಿಂದ ನೀರಿಗೆ, ನೀರಿನಿಂದ ಬಾಗಿಲಿಗೆ. ಬೆರಳ ಸಂದಿಯ ಕೂದಲು ಕತ್ತರಿಸಿದೆ. ಉಗುರು ಉದ್ದ ಇದ್ದರೆ ಪಾದ ನೆಲಕ್ಕೆ ಊರುವುದಿಲ್ಲ, ಅದನ್ನೂ ಹದಿನೈದು ದಿನಕ್ಕೊಮ್ಮೆ ತುದಿ ಮಾತ್ರ ಕತ್ತರಿಸುತ್ತೇನೆ. ಒಳಗೆ ರಕ್ತನಾಳ ಇರುತ್ತೆ, ಕಪ್ಪು ಉಗುರಲ್ಲಿ ಅದು ಕಾಣುವುದಿಲ್ಲ. ಅಷ್ಟು ಮಾಡಿದ್ದಕ್ಕೇ ಅವನು ಮತ್ತೆ ಅಡುಗೆಮನೆವರೆಗೂ ಬರೋಕೆ ಶುರು ಮಾಡಿದ.

ಮೆಟ್ಟಿಲು ಇಳಿಸೋಕೆ ಜೋಲಿ ಬೇಕಾಯ್ತು. ಮೊದಲು ಟವೆಲ್ ಅನ್ನು ಹೊಟ್ಟೆ ಕೆಳಗೆ ತೂರಿಸಿ ಹಿಡಿಯುತ್ತಿದ್ದೆ. ಎಳೆದ ಕೂಡಲೇ ಅದು ಮುದುಡಿ ಹಗ್ಗದಂತಾಗಿ ತೊಡೆಸಂದಿಗೆ ಒತ್ತುತ್ತಿತ್ತು, ಚರ್ಮ ಕೆಂಪಾಗುತ್ತಿತ್ತು. ಆಮೇಲೆ ನಾನೇ ಹೊಲಿದೆ. ಹಳೆ ಜೀನ್ಸ್ ಪ್ಯಾಂಟಿನ ಬಟ್ಟೆ, 8 ಇಂಚು ಅಗಲ, 26 ಇಂಚು ಉದ್ದ. ಒಳಗೆ ಎರಡು ಪದರ ಫ್ಲ್ಯಾನೆಲ್. ಅಂಚು ಒಳಗಡೆ ಮಡಚಿ ಹೊಲಿಯಬಾರದು, ದಪ್ಪಗಾಗಿ ಚುಚ್ಚುತ್ತೆ, ಮೆತ್ತನೆ ಪಟ್ಟಿ ಇಟ್ಟು ಹೊರಗಡೆ ಮುಗಿಸಬೇಕು. ಎರಡೂ ತುದಿಗೆ ಸ್ಕೂಲ್ ಬ್ಯಾಗಿನ ಬೆಲ್ಟ್. ಬೆಲ್ಟ್ ನಮ್ಮ ಕೈಗೆ ನೇರವಾಗಿ ನಿಂತೇ ಸಿಗುವಷ್ಟು ಉದ್ದ ಇರಲಿ, ಇಲ್ಲದಿದ್ದರೆ ಬಗ್ಗಿ ಬಗ್ಗಿ ನಮ್ಮ ಸೊಂಟ ಹೋಗುತ್ತೆ. ಗಂಡು ನಾಯಿಗಾದರೆ ಮುಂದಿನ ಅಂಚಿನಲ್ಲಿ ಮೂತ್ರದ ಜಾಗ ಬಿಟ್ಟು ಅರ್ಧಚಂದ್ರದ ಹಾಗೆ ಕತ್ತರಿಸಿ. ಇದು ಹೊಳೆದದ್ದು ಮೂರನೇ ಜೋಲಿ ಹೊಲಿಯುವಾಗ. ಇನ್ನೊಂದು ಮಾತು, ಅವನನ್ನು ಎತ್ತಬಾರದು. ಹಿಂಗಾಲಿನ ಭಾರ ಮಾತ್ರ ನಾವು ತಗೊಂಡು, ಪಾದ ನೆಲಕ್ಕೆ ತಾಗುತ್ತಿರಬೇಕು. ತಾನೇ ನಡೆಯುತ್ತಿದ್ದೇನೆ ಅಂತ ಅವನಿಗೆ ಅನ್ನಿಸಬೇಕು. ನಡೆಯದಿದ್ದರೆ ತೊಡೆಯ ಮಾಂಸ ಬೇಗ ಕರಗುತ್ತೆ.

ಹಾಸಿಗೆಗೆ ಹಳೆ ಗಾದಿಯ ಹತ್ತಿ ಹಿಂಜಿಸಿ 4 ಇಂಚು ದಪ್ಪಕ್ಕೆ ಹೊಲಿದೆ. ಮೇಲೆ ರೆಕ್ಸಿನ್, ಅದರ ಮೇಲೆ ದಿನಾ ಬದಲಾಯಿಸುವ ಹತ್ತಿ ಬಟ್ಟೆ. ಚಳಿಗಾಲಕ್ಕೆ ಚಳ್ಳಕೆರೆ ಕಂಬಳಿ, ಅದರಷ್ಟು ಬೆಚ್ಚಗೆ ಬೇರೇನೂ ಇಲ್ಲ, ಆದರೆ ಮೂತ್ರ ತಾಗಿದರೆ ಒಗೆಯೋದು ಕಷ್ಟ. ಕೆಟ್ಟ ದಿನಗಳಲ್ಲಿ ಅವನು ಏಳುವುದೇ ಇಲ್ಲ. ಆಗ ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇನೆ. ಇಲ್ಲದಿದ್ದರೆ ಮೊಣಕೈಗೆ, ಸೊಂಟದ ಮೂಳೆಗೆ ಹುಣ್ಣಾಗುತ್ತೆ. ಹುಣ್ಣಿಗೆ ನೊಣ ಕೂತರೆ ಒಂದೇ ದಿನದಲ್ಲಿ ಹುಳ. ದಿನಾ ಬೆಳಿಗ್ಗೆ ಕಿವಿ, ಬಾಲದ ಕೆಳಗೆ, ತೊಡೆಸಂದಿ ಕೈಯಾಡಿಸಿ ನೋಡುತ್ತೇನೆ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತೆ.

ಊಟದ ವಿಷಯದಲ್ಲಿ ಓಣಿಯವರ ಜೊತೆ ಜಗಳವೇ ಆಗಿದೆ. ಎಲ್ಲರಿಗೂ ಅವನ ಮೇಲೆ ಪ್ರೀತಿ. ಒಬ್ಬರು ಬೆಣ್ಣೆದೋಸೆ ತರುತ್ತಾರೆ, ಮಕ್ಕಳು ಖಾರ ಮಂಡಕ್ಕಿ ಹಾಕುತ್ತಾರೆ. ಅಷ್ಟು ಜಿಡ್ಡು ವಯಸ್ಸಾದ ನಾಯಿಗೆ ಆಗುವುದಿಲ್ಲ, ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ ಶುರುವಾಗುತ್ತೆ. ಮಂಡಕ್ಕಿಯಲ್ಲಿರುವ ಈರುಳ್ಳಿ ಇನ್ನೂ ಅಪಾಯ, ಹಸಿಯೋ ಬೆಂದದ್ದೋ, ನಾಯಿಯ ರಕ್ತವನ್ನು ಕೆಡಿಸುತ್ತೆ. ಅದಕ್ಕೇ ನಮ್ಮ ಸಾರನ್ನೂ ಅವನಿಗೆ ಹಾಕುವುದಿಲ್ಲ. ಮೆತ್ತಗೆ ಬೇಯಿಸಿದ ಅನ್ನ, ಕೋಳಿ ಅಥವಾ ಮೊಟ್ಟೆ, ಸ್ವಲ್ಪ ಕುಂಬಳಕಾಯಿ. ಮೂರು ಹೊತ್ತು, ಸ್ವಲ್ಪ ಸ್ವಲ್ಪ.

ಹೋದ ವರ್ಷದಿಂದ ರಾತ್ರಿ ತೊಂದರೆ. ಎರಡು ಗಂಟೆಗೆ ಎದ್ದು ಬೀರುವಿನ ಮೂಲೆಗೆ ಮುಖ ಇಟ್ಟು ನಿಲ್ಲುತ್ತಿದ್ದ, ಹಿಂದೆ ಬರೋದು ಗೊತ್ತಾಗದೆ ಅಳುತ್ತಿದ್ದ. ಪಕ್ಕದ ಮನೆಯಾಕೆ ದೆವ್ವ ಕಂಡಿರಬೇಕು ಅಂದಳು. ಅದು ಮರೆವು. ಮುದುಕರಿಗೆ ಬರುವ ಹಾಗೆಯೇ ನಾಯಿಗೂ ಬರುತ್ತೆ. ಬೀರುವಿನ ಸಂದಿಗೆ ಹಲಗೆ ಅಡ್ಡ ಇಟ್ಟೆ, ಸಣ್ಣ ಬಲ್ಬು ಹಚ್ಚಿಡುತ್ತೇನೆ, ಸಾಮಾನುಗಳ ಜಾಗ ಬದಲಿಸುವುದಿಲ್ಲ. ಸಂಜೆ ಜೋಲಿ ಹಿಡಿದು ಓಣಿ ಸುತ್ತಿಸಿದರೆ ರಾತ್ರಿ ಚೆನ್ನಾಗಿ ಮಲಗುತ್ತಾನೆ. ಗಾಢ ನಿದ್ದೆಯಲ್ಲಿದ್ದಾಗ ಎದೆ ಏರುವುದನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುತ್ತೇನೆ. 30 ದಾಟುತ್ತಾ ಬಂದರೆ ಹೃದಯವೋ ಶ್ವಾಸಕೋಶವೋ ಕಷ್ಟಪಡುತ್ತಿರಬಹುದು, ತಡ ಮಾಡಬಾರದು. ಕೆಂಚನದು ಈಗ 22ರ ಆಸುಪಾಸು.

ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಗುರುತು ಹಾಕುತ್ತೇನೆ. ತಾನಾಗಿ ಊಟ ಮಾಡಿದ, ಜೋಲಿ ಹಿಡಿದರೆ ನಡೆದ, ನಾನು ಬಾಗಿಲು ತೆಗೆದಾಗ ಬಾಲ ಆಡಿಸಿದ, ಈ ಮೂರೂ ಇದ್ದರೆ ಸರಿ ಗುರುತು. ಇಲ್ಲದಿದ್ದರೆ ಸೊನ್ನೆ. ಈ ತಿಂಗಳು ಇಲ್ಲಿವರೆಗೆ ಆರು ಸೊನ್ನೆ. ಸೊನ್ನೆಗಳೇ ಜಾಸ್ತಿಯಾದರೆ ಏನು ಅಂತ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಂಡಿದ್ದೇನೆ. ಮನೆಗೇ ಬರುತ್ತಾರಂತೆ. ಮೊದಲು ನಿದ್ದೆಯ ಇಂಜೆಕ್ಷನ್, ಅವನಿಗೆ ಪೂರ್ತಿ ನಿದ್ದೆ ಬಂದ ಮೇಲೆ ಇನ್ನೊಂದು. ಅವನ ಕಂಬಳಿಯ ಮೇಲೇ, ನನ್ನ ತೊಡೆ ಮೇಲೇ ತಲೆ ಇಟ್ಟುಕೊಳ್ಳಬಹುದು ಅಂದರು. ಅವ್ವನಿಗೆ ಇದನ್ನು ಇನ್ನೂ ಹೇಳಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವಳು ರೊಟ್ಟಿಯ ಮೆತ್ತನೆ ಭಾಗ ಮುರಿದು ಪಕ್ಕಕ್ಕೆ ಇಟ್ಟುಕೊಳ್ಳುತ್ತಾಳೆ, "ಬಾರೋ ಮಗನೇ" ಅನ್ನುತ್ತಾಳೆ, ನಾನು ಎದ್ದು ಜೋಲಿ ತರುತ್ತೇನೆ.