ಹ್ಯಾವ್, ಹ್ಯಾಸ್: ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಕಲಿಸುವ ಬಗೆ

‘ಹ್ಯಾವ್’ ಪಾಠವನ್ನು ನಾನು ಇಂಗ್ಲಿಷಿನಿಂದ ಶುರು ಮಾಡುವುದಿಲ್ಲ. ಮೊದಲು ಬೋರ್ಡಿನ ಮೇಲೆ ಮೂರು ಕನ್ನಡ ವಾಕ್ಯ ಬರೆಯುತ್ತೇನೆ: ‘ಅವಳಿಗೆ ಇಬ್ಬರು ತಮ್ಮಂದಿರಿದ್ದಾರೆ’, ‘ಅವಳ ಹತ್ತಿರ ಸೈಕಲ್ ಇದೆ’, ‘ಅವಳಲ್ಲಿ ಧೈರ್ಯವಿದೆ’. ಅವಳಿಗೆ, ಅವಳ ಹತ್ತಿರ, ಅವಳಲ್ಲಿ, ಈ ಮೂರಕ್ಕೂ ಇಂಗ್ಲಿಷಿನಲ್ಲಿ ‘ಶಿ ಹ್ಯಾಸ್’ ಒಂದೇ ಸಾಕು.

ಆಮೇಲೆ, ಮೊದಲ ವಾಕ್ಯದಲ್ಲಿ ‘ಇದ್ದಾರೆ’ ಯಾಕೆ ಬಂತು ಎಂದು ಕೇಳುತ್ತೇನೆ. ತಮ್ಮಂದಿರು ಇಬ್ಬರು, ಅದಕ್ಕೆ. ನಮ್ಮಲ್ಲಿ ಕ್ರಿಯಾಪದ ನೋಡುವುದು ಯಾರು ಇದ್ದಾರೆ ಎಂಬುದನ್ನು; ಇಂಗ್ಲಿಷಿನಲ್ಲಿ ಯಾರಿಗೆ ಇದ್ದಾರೆ ಎಂಬುದನ್ನು. ‘ಶಿ ಹ್ಯಾವ್ ಟೂ ಬ್ರದರ್ಸ್’, ‘ಐ ಹ್ಯಾಸ್ ಒನ್ ಸಿಸ್ಟರ್’ ಎಂಬ ತಪ್ಪುಗಳ ಬೇರು ಇಲ್ಲೇ ಇದೆ ಎಂದು ನನಗನಿಸುತ್ತದೆ. ಮಗು ಲೆಕ್ಕ ಹಾಕುವುದು ತಮ್ಮಂದಿರನ್ನು, ತಂಗಿಯನ್ನು. ಅದಕ್ಕೇ ವಾಕ್ಯದ ಹಿಂಭಾಗವನ್ನು ಅಂಗೈಯಿಂದ ಮುಚ್ಚಿಸಿ, ಮೊದಲ ಭಾಗ ಮಾತ್ರ ನೋಡಿ ಆರಿಸಲು ಹೇಳುತ್ತೇನೆ. ಹಿ, ಶಿ, ಇಟ್ ಅಥವಾ ಒಬ್ಬರದೇ, ಒಂದೇ ವಸ್ತುವಿನ ಹೆಸರಿದ್ದರೆ ಹ್ಯಾಸ್. ಐ, ಯು ಸೇರಿ ಉಳಿದದ್ದಕ್ಕೆಲ್ಲ ಹ್ಯಾವ್. ಕಲಿತದ್ದು ಗಟ್ಟಿಯಾಯಿತೇ ಎಂದು ನೋಡಲು ‘ಮನೆಗೆ ಎರಡು ಬಾಗಿಲುಗಳಿವೆ’ ಕೊಡಿ. ‘ದ ಹೌಸ್ ಹ್ಯಾಸ್ ಟೂ ಡೋರ್ಸ್’ ಎಂದು ಬರೆದವರಿಗೆ ವಿಷಯ ಹತ್ತಿದೆ. ಪ್ರಶ್ನೆಯಲ್ಲಿ ‘ಡಸ್’ ಬಂತೆಂದರೆ ಮಾತ್ರ ಹ್ಯಾಸ್ ಇಲ್ಲ: ‘ಡಸ್ ಶಿ ಹ್ಯಾವ್ ಅ ಸೈಕಲ್?’

‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ನಮ್ಮ ಕಡೆ ದಿನಾ ಕಿವಿಗೆ ಬೀಳುವ ಮಾತು. ಕನ್ನಡದಲ್ಲಿ ‘ಮಾಡುತ್ತಿದ್ದೇನೆ’ ಎನ್ನಲು ಬರುತ್ತದೆಯೇ ನೋಡಿ. ಊಟ ಮಾಡುತ್ತಿದ್ದೇನೆ, ಸರಿ, ‘ಹ್ಯಾವಿಂಗ್ ಲಂಚ್’. ತಂಗಿಯರು ಸುಮ್ಮನೆ ಇದ್ದಾರೆ, ಅಲ್ಲಿ ‘ಹ್ಯಾವ್’ ಅಷ್ಟೇ.

‘ಹ್ಯಾವ್ ಟು’ ಸುಲಭ, ಅದರ ನಿಷೇಧರೂಪ ಕಷ್ಟ. ‘ಯು ಡೋಂಟ್ ಹ್ಯಾವ್ ಟು ಕಮ್’ ಎಂದರೆ ಬರಬೇಕಾಗಿಲ್ಲ, ಬಂದರೂ ಅಡ್ಡಿಯಿಲ್ಲ. ಮಕ್ಕಳು ಇದನ್ನು ‘ಬರಬಾರದು’ ಎಂದು ಓದುತ್ತಾರೆ. ಅದಕ್ಕೆ ‘ಮಸ್ಟ್ ನಾಟ್’ ಬೇಕು. ‘ನಾಳೆ ರಜೆ, ಶಾಲೆಗೆ ಬರಬೇಕಾಗಿಲ್ಲ’, ‘ಕರೆಂಟ್ ತಂತಿ ಮುಟ್ಟಬಾರದು’, ಈ ಎರಡನ್ನೂ ಒಟ್ಟಿಗೇ ಇಂಗ್ಲಿಷಿಗೆ ತಿರುಗಿಸಲು ಕೊಡುತ್ತೇನೆ.

ಇನ್ನು ‘ನಿನ್ನೆ ಅವನನ್ನು ನೋಡಿದ್ದೇನೆ’ ಕನ್ನಡದಲ್ಲಿ ಸಲೀಸು. ಹಾಗಾಗಿಯೇ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಎಂದು ಬರೆದುಬಿಡುತ್ತಾರೆ. ನಿನ್ನೆ, ಹೋದ ವಾರ, 2019ರಲ್ಲಿ ಎಂದು ಮುಗಿದುಹೋದ ಹೊತ್ತನ್ನು ಹೆಸರಿಸಿದರೆ ಹ್ಯಾವ್ ಹೊಡೆದುಹಾಕಿಸುತ್ತೇನೆ: ‘ಐ ಸಾ ಹಿಮ್ ಯೆಸ್ಟರ್ಡೇ’. ಹೊತ್ತು ಹೇಳದಿದ್ದರೆ ‘ಐ ಹ್ಯಾವ್ ಸೀನ್ ಹಿಮ್’ ಹಾಗೇ ಇರಲಿ.