ಮಣ್ಣಿನ ಕಾರ್ಡಿನ ಪದಗಳನ್ನು ಮೂಟೆ ಲೆಕ್ಕಕ್ಕೆ ತರುವುದು ಹೇಗೆ

ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಸಾಲುಗಳಿರುತ್ತವೆ. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಯೋಜನೆ ಇದು. ಪಿಎಚ್, ಇಸಿ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಆಮೇಲೆ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್.

ಪಾಂಡವಪುರದ ಕಡೆ ನಮ್ಮದೊಂದು ಗೊಬ್ಬರದ ಅಂಗಡಿ. ನಾಟಿ ಕಾಲದಲ್ಲಿ ಈ ಕಾರ್ಡು ಹಿಡಿದು ಬರುವವರು ಸಾಕಷ್ಟು ಜನ. "ಅಕ್ಕ, ಇದ್ರಲ್ಲಿ ಏನ್ ಬರ್ದವ್ರೆ ಒಸಿ ನೋಡಿ" ಅಂತ ಕೌಂಟರ್ ಮೇಲೆ ಇಡುತ್ತಾರೆ. ಪಿಎಚ್ ಅಂದರೆ ಜಲಜನಕದ ಅಯಾನುಗಳ ಸಾಂದ್ರತೆಯ ಋಣ ಲಾಗರಿದಮ್ ಅಂತ ನಾನು ಬಿಎಸ್ಸಿ ಅಗ್ರಿಯಲ್ಲಿ ಕಲಿತದ್ದನ್ನು ಒಪ್ಪಿಸಿದರೆ ಅವರು ತಲೆ ಆಡಿಸಿ, ಎರಡು ಮೂಟೆ ಯೂರಿಯಾ ತಗೊಂಡು ಹೋಗುತ್ತಾರೆ. ವ್ಯಾಪಾರ ಆಯಿತು, ಕಾರ್ಡು ಓದಿದ ಹಾಗೆ ಆಗಲಿಲ್ಲ.

ಅರ್ಥ ಬಾಯಿಪಾಠ ಮಾಡುವುದು ಬೇಡ. ಪ್ರತಿ ಸಾಲಿಗೂ ಮೂರು ಪ್ರಶ್ನೆ ಹಾಕಿ. ಇದನ್ನು ಅಳೆದದ್ದು ಹೇಗೆ? ಯಾವ ಅಳತೆಯಲ್ಲಿ ಬರೆದಿದ್ದಾರೆ? ಗೆರೆ ಎಲ್ಲಿದೆ, ಅದನ್ನು ದಾಟಿದರೆ ನಾನು ಏನು ಮಾಡಬೇಕು? ಮೂರಕ್ಕೂ ಉತ್ತರ ಸಿಕ್ಕರೆ ಪದ ನಿಮ್ಮದು. ಮೂರನೆಯದಕ್ಕೆ ಉತ್ತರ ಇಲ್ಲ ಅಂದರೆ ಆ ಸಾಲು ಸುಮ್ನೆ ಅಚ್ಚಾಗಿದೆ ಅಷ್ಟೇ.

ಅಂಕಿಗಿಂತ ಮೊದಲು ಮಣ್ಣು

ಕಾರ್ಡಿನಲ್ಲಿರುವುದು ನೀವು ಕೊಟ್ಟ ಅರ್ಧ ಕೆಜಿ ಮಣ್ಣಿನ ಲೆಕ್ಕ. ಆ ಅರ್ಧ ಕೆಜಿ ಇಡೀ ಗದ್ದೆಯನ್ನು ಹೇಳಬೇಕು ಅಂದರೆ ಅಡ್ಡಾದಿಡ್ಡಿ ನಡೆದು ಎಂಟು ಹತ್ತು ಕಡೆ ತೆಗೆಯಬೇಕು. ಬದು, ತಿಪ್ಪೆ ಇದ್ದ ಜಾಗ, ಮರದ ಬುಡ, ಕಾಲುವೆ ಪಕ್ಕ ಬಿಟ್ಟುಬಿಡಿ. ಮೇಲಿನ ಕಸ ಸರಿಸಿ, ಗುದ್ದಲಿಯಲ್ಲಿ ಆರು ಇಂಚು ಆಳಕ್ಕೆ ವಿ ಆಕಾರದ ಗುಣಿ ಮಾಡಿ. ಗುಣಿಯ ಒಳಗಿನ ಮಣ್ಣು ಬೇಡ. ಅದರ ಪಕ್ಕದ ಗೋಡೆಯನ್ನು ಮೇಲಿಂದ ಕೆಳಗಿನ ತನಕ ಒಂದಿಂಚು ದಪ್ಪಕ್ಕೆ ಕೆತ್ತಿ ತೆಗೆಯಿರಿ. ಎಲ್ಲ ಸೇರಿಸಿ, ಹೆಂಟೆ ಪುಡಿ ಮಾಡಿ, ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಕಿ. ಅರ್ಧ ಕೆಜಿ ಉಳಿಯುವ ತನಕ ಹೀಗೇ ಮಾಡಿ. ನೆರಳಿನಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ಹಾಕಿ.

ಹರಡುವುದಕ್ಕೆ ಖಾಲಿ ಗೊಬ್ಬರದ ಚೀಲ ಮಾತ್ರ ಬೇಡ. ಅದರ ಮೂಲೆಯಲ್ಲಿ ಉಳಿದ ನಾಲ್ಕು ಹರಳು ಡಿಎಪಿ (ರಂಜಕ ಜಾಸ್ತಿ ಇರುವ ಗೊಬ್ಬರ) ಸಾಕು, ನಿಮ್ಮ ರಂಜಕದ ಸಾಲು ಸುಳ್ಳು ಹೇಳುವುದಕ್ಕೆ.

ಪಿಎಚ್ ಮತ್ತು ಇಸಿ: ಜೊತೆಯಲ್ಲೇ ಓದಿ

ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಕದಡುತ್ತಾರೆ. ಅದಕ್ಕೆ ಮೀಟರಿನ ಕಡ್ಡಿ ಅದ್ದಿದರೆ ಪಿಎಚ್. ತಿಳಿಯಾದ ಮೇಲೆ ಮೇಲಿನ ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿದರೆ ಇಸಿ.

ಪಿಎಚ್ ಹುಳಿಯೋ ಕ್ಷಾರವೋ ಅಂತ ಹೇಳುತ್ತದೆ. 6.5ರಿಂದ 7.5ರ ತನಕ ನಿಶ್ಚಿಂತೆ. ಇದರ ಮೆಟ್ಟಿಲು ನಾವು ಅಂದುಕೊಂಡ ಹಾಗಿಲ್ಲ, ಒಂದು ಅಂಕಿ ಏರಿದರೆ ಹತ್ತು ಪಟ್ಟು ವ್ಯತ್ಯಾಸ. "ಹೋದ್ಸಲ ಏಳೂವರೆ, ಈಗ ಎಂಟೂವರೆ, ಒಂದೇ ತಾನೇ" ಅಂತ ಬಿಡುವ ಹಾಗಿಲ್ಲ.

ಇಸಿ ಹೇಳುವುದು ಕರಗಿದ ಉಪ್ಪಿನ ವಿಷಯ. ಉಪ್ಪು ಜಾಸ್ತಿ ಇದ್ದಷ್ಟೂ ಕರೆಂಟು ಜಾಸ್ತಿ ಹರಿಯುತ್ತದೆ. ಅಳತೆ ಡೆಸಿಸೀಮನ್ಸ್ ಪ್ರತಿ ಮೀಟರ್. 1ರ ಒಳಗಿದ್ದರೆ ಯೋಚನೆ ಇಲ್ಲ. 1ರಿಂದ 2ರ ನಡುವೆ ಮೊಳಕೆಗೆ ತೊಂದರೆ ಆಗಬಹುದು. 4 ದಾಟಿದರೆ ಬಹುಪಾಲು ಬೆಳೆಗಳಿಗೆ ಪೆಟ್ಟು. ಬೋರಿನ ನೀರಿನ ವರದಿಯಲ್ಲಿ ಇದೇ ಇಸಿ ಮೈಕ್ರೋಸೀಮನ್ಸ್‌ನಲ್ಲಿ 1200, 1500 ಅಂತ ಬರುತ್ತದೆ. ಗಾಬರಿ ಬೇಡ, ಸಾವಿರದಿಂದ ಭಾಗಿಸಿದರೆ ಡೆಸಿಸೀಮನ್ಸ್ ಸಿಗುತ್ತದೆ.

ಎರಡನ್ನೂ ಜೊತೆಗೆ ಓದಿ ಅಂತ ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಕಡೆ ಎಲ್ಲದಕ್ಕೂ 'ಚೌಳು' ಅಂತ ಒಂದೇ ಮಾತು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ ತಗ್ಗಿನ ಗದ್ದೆಗೆ ಮೇಲಿನವರ ನೀರೆಲ್ಲ ಬಸಿದು ಬರುತ್ತದೆ. ಹೋಗುವುದಕ್ಕೆ ದಾರಿ ಇಲ್ಲ. ನೀರು ಆವಿಯಾಗಿ ಉಪ್ಪು ಮೇಲೆ ನಿಲ್ಲುತ್ತದೆ. ಆದರೆ ಚೌಳಿನಲ್ಲಿ ಎರಡು ಜಾತಿ. ಇಸಿ 4ರ ಮೇಲೆ, ಪಿಎಚ್ 8.5ರ ಒಳಗೆ ಇದ್ದರೆ ಅದು ಉಪ್ಪಿನ ಚೌಳು. ಬೇಸಿಗೆಯಲ್ಲಿ ಬಿಳಿ ಪುಡಿ ಕಾಣುತ್ತದೆ. ಇದಕ್ಕೆ ಬಸಿಗಾಲುವೆ ತೆಗೆದು ಒಳ್ಳೆ ನೀರು ಕಟ್ಟಿ ತೊಳೆಯುವುದೇ ಮದ್ದು. ಪಿಎಚ್ 8.5 ದಾಟಿ ಇಸಿ ಕಮ್ಮಿ ಇದ್ದರೆ ಅದು ಸೋಡಿಯಂ ಚೌಳು. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು, ನೀರು ಇಂಗುವುದೇ ಇಲ್ಲ. ಇದಕ್ಕೆ ಬರೀ ನೀರು ಸಾಲದು. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಹೋಗಿ ಸೋಡಿಯಂ ಅನ್ನು ಮಣ್ಣಿನ ಕಣದಿಂದ ಬಿಡಿಸುತ್ತದೆ, ಆಮೇಲೆ ನೀರು ಕಟ್ಟಿ ಬಸಿಯಬೇಕು. ಎಕರೆಗೆ ಎಷ್ಟು ಅನ್ನುವುದನ್ನು ಲ್ಯಾಬಿನವರು ನಿಮ್ಮದೇ ಮಣ್ಣು ನೋಡಿ ಹೇಳಬೇಕು. ಪಕ್ಕದ ಗದ್ದೆಯವರು ಹಾಕಿದರು ಅಂತ ಉಪ್ಪಿನ ಚೌಳಿಗೆ ಜಿಪ್ಸಂ ಸುರಿಯುವವರನ್ನು ನೋಡಿದ್ದೇನೆ. ದುಡ್ಡು ದಂಡ.

ಬಸಿಗಾಲುವೆ ಇಲ್ಲದೆ ಎರಡೂ ವಾಸಿ ಆಗುವುದಿಲ್ಲ. ಅದಕ್ಕೆ ಕೆಳಗಿನ ಗದ್ದೆಯವರ ಒಪ್ಪಿಗೆ ಬೇಕು. ಅದು ಬೇರೆಯದೇ ವಿಜ್ಞಾನ.

'ಲಭ್ಯ' ಅನ್ನುವ ಮಾತು

ಸಾರಜನಕ, ರಂಜಕ, ಪೊಟ್ಯಾಷ್ ಮೂರರ ಹಿಂದೆಯೂ 'ಲಭ್ಯ' ಅಂತ ಇರುತ್ತದೆ. ಅದನ್ನು ಹಾರಿಸಬೇಡಿ. ಕಣಜದಲ್ಲಿರುವ ಭತ್ತ ಬೇರೆ, ತಟ್ಟೆಗೆ ಬಂದ ಅನ್ನ ಬೇರೆ. ಮಣ್ಣಿನಲ್ಲಿ ಒಟ್ಟು ಪೊಟ್ಯಾಷ್ ರಾಶಿ ಇರಬಹುದು. ಈ ಬೆಳೆಗೆ ಬೇರು ಎಳೆದುಕೊಳ್ಳಬಹುದಾದಷ್ಟು ಮಾತ್ರ ಲಭ್ಯ.

ಅಳತೆ ಹೆಕ್ಟೇರಿಗೆ ಕೆಜಿ. ನಮ್ಮಲ್ಲಿ ಹೆಕ್ಟೇರ್ ಲೆಕ್ಕ ಯಾರ ಬಾಯಲ್ಲೂ ಇಲ್ಲ, ಎಕರೆ ಮತ್ತು ಗುಂಟೆ. ಒಂದು ಹೆಕ್ಟೇರ್ ಅಂದರೆ 2.47 ಎಕರೆ. ಎರಡೂವರೆಯಿಂದ ಭಾಗಿಸಿಕೊಳ್ಳಿ. ಎಕರೆಯನ್ನು 40ರಿಂದ ಭಾಗಿಸಿದರೆ ಗುಂಟೆ.

ಗೆರೆಗಳು ಹೀಗಿವೆ. ಸಾರಜನಕ 280ಕ್ಕಿಂತ ಕಮ್ಮಿ ಇದ್ದರೆ ಕಡಿಮೆ, 560ರ ತನಕ ಮಧ್ಯಮ, ಮೇಲೆ ಹೆಚ್ಚು. ರಂಜಕ 23ರ ಒಳಗೆ ಕಡಿಮೆ, ಸುಮಾರು 57ರ ತನಕ ಮಧ್ಯಮ. ಪೊಟ್ಯಾಷ್ ಸುಮಾರು 144ರ ಒಳಗೆ ಕಡಿಮೆ, 336ರ ತನಕ ಮಧ್ಯಮ.

ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ದಾಟಿ. ರಂಜಕದ ಈ ಗೆರೆ 'ಪಿ2ಒ5' ಲೆಕ್ಕದ್ದು, ಪೊಟ್ಯಾಷಿನದು 'ಕೆ2ಒ' ಲೆಕ್ಕದ್ದು, ಅಂದರೆ ಆಮ್ಲಜನಕವನ್ನೂ ಸೇರಿಸಿ ತೂಗಿದ ಲೆಕ್ಕ. ಗೊಬ್ಬರದ ಮೂಟೆ ಮೇಲಿನ ಅಂಕಿಯೂ ಹಾಗೇ. ಆದರೆ ಕೆಲವು ಲ್ಯಾಬಿನವರು ಬರೀ 'ಪಿ', 'ಕೆ' ಅಂತ ಕೊಡುತ್ತಾರೆ. ಹಾಗಿದ್ದರೆ ಪಿ ಅನ್ನು 2.29ರಿಂದ, ಕೆ ಅನ್ನು 1.2ರಿಂದ ಗುಣಿಸಿ. ಪಿ 20 ಅಂತ ಇದ್ದದ್ದನ್ನು ನೇರವಾಗಿ ಓದಿದರೆ 'ಕಡಿಮೆ'. ಗುಣಿಸಿದರೆ 46 ಸುಮಾರು, ಅಂದರೆ 'ಮಧ್ಯಮ'. ಒಂದಕ್ಷರ ನೋಡದೇ ಹೋದರೆ ಬೇಡದ ಡಿಎಪಿ ಮನೆಗೆ ಬರುತ್ತದೆ.

ಈಗ ಮೂಟೆಗೆ ಬನ್ನಿ

ಮೂಟೆ ಮೇಲಿನ ಅಂಕಿಗಳು ಶೇಕಡಾ ಲೆಕ್ಕ, ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್. ಯೂರಿಯಾದಲ್ಲಿ ಸಾರಜನಕ 46. ಡಿಎಪಿ ಅಂದರೆ 18-46-0. ಎಂಒಪಿ ಅನ್ನುವ ಗೊಬ್ಬರದಲ್ಲಿ ಪೊಟ್ಯಾಷ್ 60. ಯೂರಿಯಾ ಮೂಟೆ ಈಗ 45 ಕೆಜಿಯದು, ಅದರಲ್ಲಿ ಸಾರಜನಕ 20.7 ಕೆಜಿ. ಡಿಎಪಿ 50 ಕೆಜಿಯದು.

ಒಂದು ಕಾರ್ಡು ತಗೊಳ್ಳೋಣ. ಸಾರಜನಕ 240, ರಂಜಕ 70, ಪೊಟ್ಯಾಷ್ 200. ಅಂದರೆ ಕಡಿಮೆ, ಹೆಚ್ಚು, ಮಧ್ಯಮ. ನಮ್ಮ ಕಡೆ ನೀರಾವರಿ ಭತ್ತಕ್ಕೆ ಶಿಫಾರಸು ಹೆಕ್ಟೇರಿಗೆ 100:50:50, ಎಕರೆಗೆ 40:20:20. ಕಡಿಮೆ ಇದ್ದರೆ ಕಾಲು ಭಾಗ ಸೇರಿಸಿ, ಹೆಚ್ಚಿದ್ದರೆ ಕಾಲು ಭಾಗ ಕಳೆಯಿರಿ, ಮಧ್ಯಮ ಇದ್ದರೆ ಹಾಗೇ ಬಿಡಿ. ಆಗ ಎಕರೆಗೆ 50:15:20.

ಲೆಕ್ಕ ಯಾವಾಗಲೂ ರಂಜಕದಿಂದ ಶುರು ಮಾಡಿ, ಯಾಕೆಂದರೆ ಡಿಎಪಿ ಜೊತೆಗೆ ಸಾರಜನಕವೂ ಬರುತ್ತದೆ. 15 ಕೆಜಿ ರಂಜಕಕ್ಕೆ 15 ಭಾಗಿಸು 0.46, ಸುಮಾರು 33 ಕೆಜಿ ಡಿಎಪಿ. ಅದರಲ್ಲಿ ಹೆಚ್ಚು ಕಡಿಮೆ 6 ಕೆಜಿ ಸಾರಜನಕ ಬಂದಾಯಿತು. ಉಳಿದದ್ದು 44. ಅದಕ್ಕೆ ಯೂರಿಯಾ 96 ಕೆಜಿ, ಅಂದರೆ ಎರಡು ಮೂಟೆ ಮೇಲೆ ಆರು ಕೆಜಿ. 20 ಕೆಜಿ ಪೊಟ್ಯಾಷಿಗೆ ಎಂಒಪಿ 33 ಕೆಜಿ.

ಈ ಲೆಕ್ಕವನ್ನು ಬಿಲ್ಲಿನ ಹಿಂದೆ ಬರೆದು ಕೊಟ್ಟರೆ ಕೆಲವರಿಗೆ ಸಮಾಧಾನ ಆಗುವುದಿಲ್ಲ. "ಡಿಎಪಿ ಇನ್ನೊಂದ್ ಮೂಟೆ ಆಕ್ಬುಡವ ಕಣಕ್ಕ, ಬೆಳೆ ಕರ್ರಗೆ ಬರ್ಲಿ." ಕರ್ರಗೆ ಬರುವುದು ಸಾರಜನಕದಿಂದ ಅಣ್ಣ, ನಿಮ್ಮ ಮಣ್ಣಿನಲ್ಲಿ ರಂಜಕ ಆಗಲೇ ತುಂಬಿದೆ ಅನ್ನುತ್ತೇನೆ. ಅಂಗಡಿ ಇಟ್ಟವಳು ಹೇಳುವ ಮಾತಲ್ಲ ಇದು, ಆದರೂ ಹೇಳುತ್ತೇನೆ. ಯೂರಿಯಾವನ್ನೂ ಒಂದೇ ಸಲ ಸುರಿಯಬೇಡಿ. ಅರ್ಧ ನಾಟಿಗೆ, ಉಳಿದದ್ದು ತೆಂಡೆ ಒಡೆಯುವಾಗ ಮತ್ತು ಹೊಡೆ ಕಟ್ಟುವ ಮುಂಚೆ.

ಸಾವಯವ ಇಂಗಾಲ

ಇದು ಶೇಕಡಾ ಲೆಕ್ಕ. 0.5ಕ್ಕಿಂತ ಕಮ್ಮಿ ಇದ್ದರೆ ಕಡಿಮೆ, 0.75ರ ಮೇಲೆ ಹೆಚ್ಚು. ಕೆಲವು ಕಡೆ ಸಾರಜನಕವನ್ನು ಬೇರೆ ಅಳೆಯದೆ ಈ ಸಾಲಿನಿಂದಲೇ ಅಂದಾಜು ಮಾಡುವುದೂ ಉಂಟು.

"ಎರಡು ಲೋಡ್ ತಿಪ್ಪೆಗೊಬ್ಬರ ಹೊಡೆಸ್ದೆ, ಅಂಕಿ ಅಲ್ಲೇ ಅದೆ" ಅನ್ನುವ ದೂರು ಜಾಸ್ತಿ. ಲೆಕ್ಕ ನೋಡಿ. ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣಿನ ತೂಕ ಸುಮಾರು 9 ಲಕ್ಷ ಕೆಜಿ. ಅದರಲ್ಲಿ 0.4 ಇದ್ದದ್ದು 0.5 ಆಗಬೇಕಾದರೆ 900 ಕೆಜಿ ಇಂಗಾಲ ಮಣ್ಣಿನಲ್ಲಿ ಉಳಿಯಬೇಕು. ಹಾಕಿದ್ದು ಅಷ್ಟು ಅಂತ ಅಲ್ಲ, ಉಳಿದದ್ದು ಅಷ್ಟು. ತಿಪ್ಪೆಗೊಬ್ಬರದಲ್ಲಿ ನೀರೇ ಬೇಕಾದಷ್ಟು, ಒಣ ಭಾಗದಲ್ಲೂ ಇಂಗಾಲ ಒಂದು ಪಾಲು ಮಾತ್ರ, ಅದರಲ್ಲಿ ಬಹುಪಾಲನ್ನು ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡುತ್ತವೆ. ಈ ಸಾಲು ಒಂದು ವರ್ಷಕ್ಕೆ ಏರುವುದಿಲ್ಲ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡದೆ ಸಾಲಿನ ನಡುವೆ ಹರಡುವುದು, ಭತ್ತಕ್ಕೆ ಮುಂಚೆ ಡಯಂಚ ಅನ್ನುವ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಮಣ್ಣಿಗೆ ಸೇರಿಸುವುದು, ಇವೆರಡನ್ನು ಬಿಡದೆ ಮಾಡಿದವರ ಕಾರ್ಡಿನಲ್ಲೇ ಇದು ನಿಧಾನಕ್ಕೆ ಮೇಲೆ ಬರುವುದು.

ಪಿಪಿಎಂ ಸಾಲುಗಳು

ಉಳಿದವು ಪಿಪಿಎಂ, ಹತ್ತು ಲಕ್ಷಕ್ಕೆ ಒಂದು ಪಾಲು. ಮೇಲಿನ 9 ಲಕ್ಷ ಕೆಜಿ ನೆನಪಿಟ್ಟುಕೊಂಡರೆ ಒಂದು ಪಿಪಿಎಂ ಅಂದರೆ ಎಕರೆಗೆ ಹತ್ತಿರ ಹತ್ತಿರ ಒಂದು ಕೆಜಿ. ಗೆರೆ ಸತುವಿಗೆ 0.6, ಕಬ್ಬಿಣಕ್ಕೆ 4.5, ತಾಮ್ರಕ್ಕೆ 0.2, ಬೋರಾನ್‌ಗೆ 0.5, ಗಂಧಕಕ್ಕೆ 10. ನಮ್ಮ ಭತ್ತದ ಗದ್ದೆಗಳಲ್ಲಿ ನೋಡಬೇಕಾದ್ದು ಸತು. 0.6ರ ಕೆಳಗಿದ್ದರೆ ಎಕರೆಗೆ 8 ಕೆಜಿ ಜಿಂಕ್ ಸಲ್ಫೇಟ್. ಡಿಎಪಿ ಜೊತೆ ಕಲಸಿ ಎರಚಬೇಡಿ, ರಂಜಕ ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು. ಔಷಧಿ ಬಾಟಲಿ ಮೇಲೂ 'ಇಸಿ' ಇರುತ್ತದೆ, 20 ಇಸಿ, 25 ಇಸಿ ಅಂತ. ಅದಕ್ಕೂ ಮಣ್ಣಿನ ಇಸಿಗೂ ಸಂಬಂಧವೇ ಇಲ್ಲ. ಅಲ್ಲಿ ಅದು ನೀರಿಗೆ ಹಾಕಿದರೆ ಹಾಲಿನ ಹಾಗೆ ಬಿಳಿಯಾಗುವ ದ್ರಾವಣ, ಅಂಕಿ ಅದರೊಳಗಿನ ನಿಜವಾದ ಔಷಧಿಯ ಶೇಕಡಾ. ಅಂಕಿ ಬೇರೆ ಇದ್ದರೆ ಪ್ರಮಾಣವೂ ಬೇರೆ. ಹಳೇ ಬಾಟಲಿಯ ಮುಚ್ಚಳದ ಲೆಕ್ಕ ಹೊಸದಕ್ಕೆ ನಡೆಯುವುದಿಲ್ಲ.

ಮಾರುವಾಗಿನ ಎರಡು ಪದ

ಕಬ್ಬಿಗೆ ಬ್ರಿಕ್ಸ್ ಮತ್ತು ಇಳುವರಿ. ಬ್ರಿಕ್ಸ್ 20 ಅಂದರೆ 100 ಗ್ರಾಂ ರಸದಲ್ಲಿ ಕರಗಿರುವುದು 20 ಗ್ರಾಂ. ಎಲ್ಲವೂ ಸಕ್ಕರೆ ಅಲ್ಲ. ಜಲ್ಲೆಯ ಬುಡದ ಮತ್ತು ತುದಿಯ ಅಂಕಿ ಹತ್ತಿರ ಬಂದರೆ ಕಬ್ಬು ಬಲಿತಿದೆ ಅಂತ ಲೆಕ್ಕ. ಸಕ್ಕರೆ ಇಳುವರಿ ಅಂದರೆ 100 ಕೆಜಿ ಕಬ್ಬು ಅರೆದಾಗ ಕೈಗೆ ಬಂದ ಸಕ್ಕರೆ. 2025-26ಕ್ಕೆ ಕೇಂದ್ರ ಇಟ್ಟ ಎಫ್‌ಆರ್‌ಪಿ (ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) ಶೇಕಡಾ 10.25 ಇಳುವರಿಗೆ ಕ್ವಿಂಟಾಲ್‌ಗೆ 355 ರೂಪಾಯಿ. ಆದರೆ ಆ ಇಳುವರಿ ಇಡೀ ಕಾರ್ಖಾನೆಯ ಸರಾಸರಿ, ನಿಮ್ಮ ಗದ್ದೆಯ ಕಬ್ಬಿನದಲ್ಲ. ಬ್ರಿಕ್ಸ್ ನಿಮ್ಮದು, ಇಳುವರಿ ಎಲ್ಲರದು.

ಭತ್ತಕ್ಕೆ ತೇವಾಂಶ. ಖರೀದಿ ಕೇಂದ್ರದಲ್ಲಿ ಮಿತಿ ಶೇಕಡಾ 17. ಇದು ಒದ್ದೆ ತೂಕದ ಮೇಲಿನ ಲೆಕ್ಕ, ಹಾಗಾಗಿ 22 ಇದ್ದದ್ದನ್ನು 17ಕ್ಕೆ ಇಳಿಸಿದರೆ ಕ್ವಿಂಟಾಲ್‌ಗೆ 5 ಕೆಜಿ ಕಮ್ಮಿ ಆಗುತ್ತದೆ ಅಂದುಕೊಳ್ಳಬೇಡಿ. ಒಣ ಕಾಳು 78 ಕೆಜಿ ಹಾಗೇ ಇರುತ್ತದೆ. ಅದು ಈಗ 83 ಭಾಗ ಆಗಬೇಕು, 78 ಭಾಗಿಸು 0.83 ಅಂದರೆ 94 ಕೆಜಿ. ಕಮ್ಮಿ ಆಗುವುದು 6. ವ್ಯಾಪಾರಿ ತೇವ ಇದೆ ಅಂತ ತೂಕ ಮುರಿದುಕೊಳ್ಳುವಾಗ ಮೀಟರಿನ ಅಂಕಿ ತೋರಿಸಿ ಅಂತ ಕೇಳಿ, ಈ ಲೆಕ್ಕವನ್ನು ಅಲ್ಲೇ ಹಾಕಿ. ಆರಕ್ಕಿಂತ ಜಾಸ್ತಿ ಮುರಿಯುವುದಾದರೆ ಭತ್ತವನ್ನು ಕಣದಲ್ಲಿ ಇನ್ನೊಂದು ಬಿಸಿಲು ಒಣಗಿಸಿಯೇ ಹೇರಿ.