ನಾಯಿಗೆ ಬಣ್ಣ ಹಚ್ಚಬಹುದಾ ಅಂತ ಕೇಳುವವರಿಗೆ

ಹೋಳಿ ಹಬ್ಬಕ್ಕೆ ಇನ್ನೂ ಒಂದು ವಾರ ಇರುವಾಗಲೇ ಫೋನು ಶುರುವಾಗುತ್ತೆ. "ಅಕ್ಕಾ, ನಮ್ಮ ಟಾಮಿಗೂ ಒಂಚೂರು ಬಣ್ಣ ಹಾಕಿ ಕೊಡ್ರಿ, ರೀಲ್ ಮಾಡ್ಬೇಕು." ದಾವಣಗೆರೆಯ ನಿಟುವಳ್ಳಿ ಕಡೆ ನನ್ನದೊಂದು ಚಿಕ್ಕ ಅಂಗಡಿ ಇದೆ. ನಾಯಿಗಳಿಗೆ ಸ್ನಾನ ಮಾಡಿಸುವುದು, ಕೂದಲು ಕತ್ತರಿಸುವುದು, ಉಗುರು ತೆಗೆಯುವುದು ನನ್ನ ಕೆಲಸ. ಹಬ್ಬದ ಹಿಂದಿನ ದಿನ ಬಣ್ಣ ಹಚ್ಚಿಸಲು ಬರುತ್ತಾರೆ, ಹಬ್ಬದ ಮರುದಿನ ಬಣ್ಣ ತೆಗೆಸಲು ಬರುತ್ತಾರೆ. ಎರಡನೆಯ ಗುಂಪೇ ದೊಡ್ಡದು. ರಾಮ್ ಅಂಡ್ ಕೋ ವೃತ್ತದಲ್ಲಿ ಡಿಜೆ ಹಾಕಿಕೊಂಡು ಊರಿಗೆ ಊರೇ ಕುಣಿಯುವ ದಿನ ಓಣಿಯ ನಾಯಿಯನ್ನು ಯಾರು ಬಿಡುತ್ತಾರೆ?

ಮೊದಲ ವರ್ಷ ನಾನೂ ಹಚ್ಚಿದ್ದೆ. ಬೇರೆಯವರ ನಾಯಿಗಲ್ಲ, ನಮ್ಮ ಬೆಳ್ಳಿಗೆ. ಅದು ಹಾಲಿನ ಬಣ್ಣದ ಸ್ಪಿಟ್ಜ್. ನಮ್ಮೂರಲ್ಲಿ ಬಿಳಿ ಸ್ಪಿಟ್ಜನ್ನೆಲ್ಲ ಪೊಮೇರಿಯನ್ ಅಂತಲೇ ಕರೆಯುವುದು, ತಿದ್ದಿ ತಿದ್ದಿ ನನಗೂ ಸಾಕಾಗಿದೆ. ಅಂಗಡಿಯ ಬಣ್ಣ ಬೇಡ, ಅಡುಗೆಮನೆಯದ್ದಾದರೆ ಏನೂ ಆಗಲ್ಲ ಅಂದುಕೊಂಡು ಅರಿಶಿನ ಕಲಸಿ ಬೆನ್ನ ಮೇಲೆ ಎರಡು ಪಟ್ಟೆ ಎಳೆದೆ. ಚೆನ್ನಾಗಿಯೇ ಕಾಣಿಸಿತು. ಸಂಜೆ ತೊಳೆಯಲು ಕೂತೆ. ಶಾಂಪೂ ಅಂಗಡಿಯಲ್ಲಿತ್ತು, ಮನೆಯಲ್ಲಿ ಕೈಗೆ ಸಿಕ್ಕಿದ್ದು ಬಟ್ಟೆ ಸೋಪು. ಎರಡು ಸಲ ತಿಕ್ಕಿದ್ದೇ ತಡ, ನೊರೆಯೆಲ್ಲ ಕೆಂಪು. ಬೆನ್ನೂ ಕೆಂಪು. ರಕ್ತ ಬಂತು ಅಂತ ಮಗಳು ಅಳತೊಡಗಿದಳು. ನಾನು ಕೂದಲು ಬಿಡಿಸಿ ಬಿಡಿಸಿ ಗಾಯ ಹುಡುಕಿದೆ, ಎಲ್ಲೂ ಇಲ್ಲ. ಒಳಗಿಂದ ಬಂದ ಅತ್ತೆ ನೋಡಿ ನಕ್ಕುಬಿಟ್ಟರು. "ಆರತಿ ತಟ್ಟೆ ಓಕುಳಿ ಆಗೈತಿ ಅಷ್ಟ. ಅರಿಶಿಣಕ್ಕ ಸುಣ್ಣ ಬಿದ್ರೆ ಕೆಂಪಾಗಲ್ಲೇನು?"

ಸುಣ್ಣದ ಹಾಗೆ ಸೋಪೂ ಕ್ಷಾರ. ಅರಿಶಿನ ಕ್ಷಾರಕ್ಕೆ ಕೆಂಪಾಗುತ್ತೆ, ಹುಳಿಗೆ ಮತ್ತೆ ಹಳದಿಗೆ ತಿರುಗುತ್ತೆ. ದಿನಾ ಆರತಿ ಎತ್ತುವ ನನಗೆ ನಾಯಿಯ ಬೆನ್ನ ಮೇಲೆ ಅದು ಹೊಳೆಯಲೇ ಇಲ್ಲ. ಆದರೆ ನಗು ಅಲ್ಲಿಗೆ ಮುಗಿಯಿತು. ಮುಂದಿನ ಎಂಟು ದಿನ ಬೆಳ್ಳಿ ಕೆರೆದುಕೊಂಡಿದ್ದೇ ಕೆರೆದುಕೊಂಡಿದ್ದು. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಅದರ ಮೇಲೆ ಬಟ್ಟೆ ಸೋಪು ಹಾಕಿ ಉಜ್ಜಿದರೆ ಒಣಗಿ ಹೊಟ್ಟು ಏಳದೆ ಇರುತ್ತದೆಯೇ? ಅರಿಶಿನ ಅವಳಿಗೆ ಏನೂ ಮಾಡಿರಲಿಲ್ಲ. ಅದನ್ನು ತೆಗೆಯಲು ಹೋದ ನಾನು ಮಾಡಿದ್ದೆ. ಅವತ್ತಿನಿಂದ ಯಾರಾದರೂ ಬಣ್ಣದ ಡಬ್ಬಿ ಹಿಡಿದುಕೊಂಡು ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ಇದನ್ನ ಹೆಂಗೆ ತೆಗೀತೀರಿ?

ಎರಡನೆಯ ವರ್ಷ ಬೀಟ್‌ರೂಟ್ ರಸ. ಬಾಲಕ್ಕೆ ಗುಲಾಬಿ ಬಣ್ಣ ಬಂತು, ಮಧ್ಯಾಹ್ನದ ಹೊತ್ತಿಗೆ ಇರುವೆಯೂ ಬಂತು. ಬೀಟ್‌ರೂಟಿನಲ್ಲಿ ಸಕ್ಕರೆ ಇದೆ ಎಂಬುದು ಮಾರ್ಚ್ ತಿಂಗಳ ನಮ್ಮೂರ ಬಿಸಿಲಲ್ಲಿ ಇರುವೆಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ಸೋಫಾದ ಕವರಿಗೆ ಹತ್ತಿದ ಕಲೆ ಇವತ್ತಿಗೂ ಹೋಗಿಲ್ಲ.

ಮೂರನೆಯ ವರ್ಷದ ಉಪಾಯ ದೊಡ್ಡಪ್ಪನದು. ಅವರು ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ಬಣ್ಣದ ಖಾತೆಯಲ್ಲಿದ್ದವರು. "ಹತ್ತಿಗೆ ಉಪ್ಪು, ಸೋಡಾ. ಉಣ್ಣೆಗೆ ಹುಳಿ. ನಾಯಿ ಕೂದಲು ಉಣ್ಣೆ ಇದ್ದಂಗೆ" ಅಂದರು. ಅವರ ಮಾತಿನಂತೆ ತಿನ್ನುವ ಬಣ್ಣಕ್ಕೆ ನಾಲ್ಕು ಹನಿ ವಿನೆಗರ್ ಬೆರೆಸಿ ಬೆಳ್ಳಿಯ ಬಾಲದ ತುದಿಗೆ ಹಚ್ಚಿದೆ. ಹಿಡಿಯಿತು ನೋಡಿ! ಯುಗಾದಿ ಕಳೆದು, ಬಸವ ಜಯಂತಿಯೂ ಕಳೆಯಿತು, ಬಾಲ ಮಾತ್ರ ನೀಲಿ. ಹಬ್ಬ ಒಂದು ದಿನದ್ದು, ಬಣ್ಣ ಎರಡು ತಿಂಗಳದ್ದು. ಕೊನೆಗೆ ಕತ್ತರಿಯಿಂದ ತೆಗೆದೆ. ವಿನೆಗರ್ ಬಗ್ಗೆ ಇನ್ನೊಂದು ಮಾತು: ಕೆರೆದ ಗಾಯವಿದ್ದರೆ ಉರಿಯುತ್ತೆ. ಬಾಯಿಲ್ಲದ ಜೀವ ಉರಿ ಅಂತ ಹೇಳುವುದಿಲ್ಲ, ಕಚ್ಚುತ್ತೆ.

ತಿನ್ನುವ ಬಣ್ಣ ಅಂದೆನಲ್ಲ, ಅದರಲ್ಲೂ ಎಚ್ಚರ ಬೇಕು. ಬಾಂಬೆ ಮಿಠಾಯಿಯ ಗುಲಾಬಿ ಬಣ್ಣದಲ್ಲಿ ರೋಡಮಿನ್-ಬಿ ಸಿಕ್ಕಿತೆಂದು 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರವೇ ಅದನ್ನು ನಿಷೇಧಿಸಿತು, ಜೊತೆಗೆ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ. ರೋಡಮಿನ್ ಅಂದರೆ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ. ಹೋಳಿ ಹೊತ್ತಲ್ಲಿ ತಳ್ಳುಗಾಡಿಯ ಮೇಲೆ ಚೀಟಿಯಿಲ್ಲದ ಪೊಟ್ಟಣಗಳಲ್ಲಿ ಮಾರುವ ಪುಡಿಗಳಲ್ಲೂ ಇಂಥವೇ ಇರುತ್ತವೆ. ಹಸಿರಿಗೆ ಮೈಲುತುತ್ತ, ಕಪ್ಪಿಗೆ ಸೀಸ ಬೆರೆಸುವವರಿದ್ದಾರೆ. ನಾವಾದರೆ ಮೈಗೆ ಬಿದ್ದ ಬಣ್ಣ ತೊಳೆದುಕೊಳ್ಳುತ್ತೇವೆ. ನಾಯಿ ತೊಳೆದುಕೊಳ್ಳುವುದು ನಾಲಿಗೆಯಿಂದ. ಮೈ ಮೇಲೆ ಬಿದ್ದದ್ದು ರಾತ್ರಿಯೊಳಗೆ ಹೊಟ್ಟೆಯಲ್ಲಿರುತ್ತೆ.

ನಾಯಿಯದ್ದೇ ಹೀಗಾದರೆ ಬೆಕ್ಕಿನದು ಇನ್ನೂ ಕಷ್ಟ. ಒಂದು ಸಲ ಹಬ್ಬದ ಮರುದಿನ ಒಬ್ಬ ತಾಯಿ, ಮಗ ಬೆಕ್ಕೊಂದನ್ನು ಚೀಲದಲ್ಲಿ ತಂದರು. ಮಕ್ಕಳು ಆಟಕ್ಕೆ ಬಣ್ಣದ ನೀರು ಎರಚಿದ್ದರು. "ಸ್ನಾನ ಮಾಡಿಸ್ರಿ ಅಕ್ಕಾ" ಅಂದರು. ತೊಳೆಯಲು ಬಣ್ಣವೇ ಉಳಿದಿರಲಿಲ್ಲ, ಬೆಕ್ಕು ರಾತ್ರಿಯೆಲ್ಲ ನೆಕ್ಕಿ ನೆಕ್ಕಿ ತಾನೇ ಚೊಕ್ಕಟ ಮಾಡಿಕೊಂಡಿತ್ತು. ನಾಲಿಗೆ ಹಸಿರು, ಬಾಯಿಂದ ಜೊಲ್ಲು, ಕಣ್ಣು ಅರ್ಧ ಮುಚ್ಚಿತ್ತು. ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ ಅಂತ ಅದೇ ಆಟೋದಲ್ಲಿ ಡಾಕ್ಟರ ಬಳಿ ಕಳಿಸಿದೆ. ಎರಡು ದಿನ ಡ್ರಿಪ್ ಹಾಕಿದ ಮೇಲೆ ಉಳಿಯಿತು. ನಮ್ಮ ಯಕೃತ್ತು ಅರಗಿಸಿ ಹೊರಹಾಕುವ ಎಷ್ಟೋ ವಸ್ತುಗಳನ್ನು ಬೆಕ್ಕಿನ ಯಕೃತ್ತಿಗೆ ಅರಗಿಸಲು ಬರುವುದಿಲ್ಲ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು. ಅದಕ್ಕೇ ಬೆಕ್ಕಿಗೆ ಯಾವ ಬಣ್ಣವನ್ನೂ ನಾನು ಮುಟ್ಟಿಸುವುದಿಲ್ಲ, ಎಷ್ಟು ಕೊಟ್ಟರೂ.

ಸಿಲ್ವರ್ ಪೇಂಟಿನದು ಬೇರೆಯೇ ಕಥೆ. ಹುಡುಗರು ಒಬ್ಬರ ಮುಖಕ್ಕೊಬ್ಬರು ಬಳಿದುಕೊಳ್ಳುತ್ತಾರಲ್ಲ, ಅದನ್ನೇ ಓಣಿಯ ಕಂದು ನಾಯಿಗೂ ಬಳಿದಿದ್ದರು. ಪಾಪ ಅನಿಸಿದ ಯಾರೋ ಪುಣ್ಯಾತ್ಮರು ಸೀಮೆಎಣ್ಣೆ ಹಾಕಿ ಒರೆಸಿದ್ದರು. ನನ್ನ ಬಳಿ ಬರುವ ಹೊತ್ತಿಗೆ ಕೂದಲಿಲ್ಲದ ಹೊಟ್ಟೆಯ ಭಾಗವೆಲ್ಲ ಸುಟ್ಟಂತೆ ಕೆಂಪಾಗಿತ್ತು. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಯಾವುದೂ ಪ್ರಾಣಿಯ ಮೈಗೆ ತಾಗಬಾರದು. ಅಕಸ್ಮಾತ್ ನೆಕ್ಕಿಬಿಟ್ಟಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಉಳಿಸುವುದು ಕಷ್ಟ. ಆ ನಾಯಿಗೆ ಪೇಂಟ್ ಗಟ್ಟಿಯಾದ ಕಡೆಯೆಲ್ಲ ಮಷಿನ್ನಿನಿಂದ ಕೂದಲು ತೆಗೆದೆ, ಉಳಿದ ಕಡೆ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿದೆ, ಆಮೇಲೆ ನಾಯಿ ಶಾಂಪೂ. ಮೂರು ದಿನ ಹೀಗೇ ಸ್ವಲ್ಪ ಸ್ವಲ್ಪವಾಗಿ ತೆಗೆದದ್ದು. ಬರೀ ಪುಡಿ ಬಣ್ಣವಾದರೆ ಕೆಲಸ ಹಗುರ. ಮೊದಲು ಒಣಬಟ್ಟೆಯಲ್ಲಿ ಝಾಡಿಸಿ, ಬಾಚಣಿಗೆ ಆಡಿಸಿ, ಆಮೇಲೆ ನೀರು. ಮೊದಲೇ ನೀರು ಬಿದ್ದರೆ ಬಣ್ಣ ಕೂರುತ್ತೆ.

ಹೋಳಿಗೆ ಸಂಬಂಧ ಇಲ್ಲದಿದ್ದರೂ ಇದನ್ನು ಹೇಳಲೇಬೇಕು. ಒಬ್ಬರು ತಮ್ಮ ಹನ್ನೊಂದು ವರ್ಷದ ಲ್ಯಾಬ್ರಡಾರ್ ಕರೆತಂದರು, ಮನೆಯಲ್ಲಿ ಮಗಳ ನಿಶ್ಚಿತಾರ್ಥ. "ಮೂತಿ ಬೆಳ್ಳಗಾಗೈತಿ, ಫೋಟೋದಾಗ ಚಂದ ಕಾಣಲ್ಲ" ಅಂತ ತಾವು ಹಚ್ಚುವ ಕಪ್ಪು ಡೈ ಪೊಟ್ಟಣವನ್ನೇ ಜೇಬಿನಿಂದ ತೆಗೆದರು. ಆ ಕಪ್ಪಿನಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತೆ, ಕಪ್ಪು ಮೆಹಂದಿ ಅಂತ ಮಾರುವುದರಲ್ಲೂ ಬಹಳ ಸಲ ಅದೇ. ಅದು ಹೊಟ್ಟೆಗೆ ಹೋದರೆ ಮನುಷ್ಯರಿಗೇ ನಾಲಿಗೆ, ಕುತ್ತಿಗೆ ಊದಿ ಉಸಿರು ಕಟ್ಟುತ್ತೆ, ಮೂತ್ರ ಕಪ್ಪಾಗುತ್ತೆ, ಮೂತ್ರಪಿಂಡ ಕೈಕೊಡುತ್ತೆ. ಮೂತಿ ಅಂದರೆ ನಾಯಿ ನಿಮಿಷಕ್ಕೊಂದು ಸಲ ನೆಕ್ಕುವ ಜಾಗ. ಆಗಲ್ಲ ಅಂದೆ. ಸಿಟ್ಟಾಗಿ ಹೋದರು. ಆಮೇಲೆ ಫೋಟೋ ಕಳಿಸಿದ್ದರು, ಬಿಳಿ ಮೂತಿಯ ನಾಯಿ ಮಲ್ಲಿಗೆ ದಂಡೆ ಹಾಕಿಕೊಂಡು ಎಲ್ಲರಿಗಿಂತ ಗಂಭೀರವಾಗಿ ಕೂತಿತ್ತು.

ಜಗಳೂರು ಕಡೆಯ ನಮ್ಮೂರಲ್ಲಿ ಅಪ್ಪ ಇನ್ನೂ ಒಂದು ಜೋಡಿ ಎತ್ತು ಇಟ್ಟಿದ್ದಾರೆ. ಕಾರಹುಣ್ಣಿಮೆಗೆ ಮೈ ತೊಳೆದು, ಕೋಡು ಹೆರೆದು, ಪೇಂಟ್ ಬಳಿದು, ಸಂಜೆ ಕರಿ ಹರಿಯಲು, ಅಂದರೆ ದಾರಿಗೆ ಅಡ್ಡ ಕಟ್ಟಿದ ತೋರಣ ಹರಿಯಲು, ಓಡಿಸುವುದು ರೂಢಿ. ಅಂಗಡಿ ಶುರುಮಾಡಿದ ಮೇಲೆ ನನಗೆ ಆ ಪೇಂಟಿನ ಡಬ್ಬಿ ಮೇಲೆ ಕಣ್ಣು ಬಿತ್ತು. ಅಟ್ಟದ ಮೇಲಿನ ಹಳೇ ಎನಾಮಲ್. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ, ಅಪ್ಪನ ಡಬ್ಬಿ ಅದಕ್ಕೂ ಮುಂಚಿನದು. "ಕೋಡಿಗೆ ಏನ್ ಆಕ್ಕತವ್ವಾ, ಅದು ಉಗುರು ಇದ್ದಂಗ" ಅಂದರು ಅಪ್ಪ. ಹೊರಗಿನ ಚಿಪ್ಪಿನ ಮಟ್ಟಿಗೆ ಅದು ನಿಜ, ಒಳಗೆ ಮಾತ್ರ ರಕ್ತ ಓಡುವ ಎಲುಬು ಇದೆ. ಆದರೆ ನನ್ನ ಚಿಂತೆ ಕೋಡಿನದಲ್ಲ, ಕರುವಿನದು. ಎತ್ತು ಕಂಬಕ್ಕೆ ಕೋಡು ತಿಕ್ಕಿದಾಗ ಚಕ್ಕೆ ಮೇವು ಹಾಕುವ ಗ್ವಾದ್ಲಿಗೆ ಉದುರುತ್ತೆ, ಪಕ್ಕದ ಕರು ನೆಕ್ಕುತ್ತೆ. ಸೀಸದ ನಂಜೇರಿದ ಕರುವಿಗೆ ಕಣ್ಣು ಕಾಣುವುದಿಲ್ಲ, ಗೋಡೆಗೆ ತಲೆ ಒತ್ತಿ ನಿಲ್ಲುತ್ತೆ, ಹಲ್ಲು ಕಡಿಯುತ್ತೆ, ಬಿದ್ದು ಒದ್ದಾಡುತ್ತೆ. ಅದನ್ನೆಲ್ಲ ಹೇಳಿದೆ. ಅಪ್ಪ ಸುಮ್ಮನೆ ಬೀಡಿ ಹಚ್ಚಿದರು.

ಮರುವರ್ಷ ಕೆಮ್ಮಣ್ಣನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚಿದೆವು. ಕರಿ ಹರಿಯುವ ಹೊತ್ತಿಗೆ ಮಳೆ ಹಿಡಿದು ಅರ್ಧ ಬಣ್ಣ ಎತ್ತಿನ ಹಣೆ ಮೇಲೆ ಇಳಿದಿತ್ತು, ಊರವರು ಸಾಕಷ್ಟು ನಕ್ಕರು. ಅಪ್ಪನಿಗೆ ಅವಮಾನವಾಯಿತೇನೋ ಅಂದುಕೊಂಡೆ. ಅವರು ಒಳಗೆ ಹೋಗಿ ಪೆಟ್ಟಿಗೆಯಿಂದ ನಮ್ಮಜ್ಜನ ಕಾಲದ, ಕೋಡಿನ ತುದಿಗೆ ತೊಡಿಸುವ ಹಿತ್ತಾಳೆ ಕೋಡಣಸು, ಕವಡೆ ಸರ ತೆಗೆದು ನನ್ನ ಮುಂದಿಟ್ಟರು. "ನಿಮ್ಮಜ್ಜ ಪೇಂಟ್ ಬಳೀತಿದ್ದಿಲ್ಲ. ಇವನ್ನ ಕಟ್ಟಿ, ಜೂಲಾ ಹೊದಿಸಿ, ಸಂಜಿಗೆ ಬಿಚ್ಚಿ ಇಡತಿದ್ದ." ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಕೋಡಣಸು ಹೊಸದರಂತೆ ಹೊಳೆಯಿತು.

ಅಲ್ಲಿಂದ ಬಂದವಳೇ ಟೈಲರ್ ಅಂಗಡಿಯಿಂದ ಚೂರುಬಟ್ಟೆ ತಂದೆ. ಹೋಳಿಗೆ ಬಣ್ಣ ಕೇಳಿಕೊಂಡು ಬರುವ ಹತ್ತು ಜನರಲ್ಲಿ ಏಳೆಂಟು ಜನ ಈಗ ಕೊರಳಿಗೆ ಬಣ್ಣದ ವಸ್ತ್ರ, ಒಂದು ಹಗುರ ಗೆಜ್ಜೆ ಕಟ್ಟಿಸಿಕೊಂಡು ಹೋಗುತ್ತಾರೆ. ಫೋಟೋ ಮುಗಿದ ಮೇಲೆ ಗೆಜ್ಜೆ ಬಿಚ್ಚಿ ಅಂತ ಹೇಳಿ ಕಳಿಸುತ್ತೇನೆ, ಕಿವಿಯ ಹತ್ತಿರ ದಿನವಿಡೀ ಗಲ್ ಗಲ್ ಅಂದರೆ ನಾಯಿಗೂ ತಲೆ ಕೆಡುತ್ತೆ.

ಬಣ್ಣವೇ ಬೇಕು ಅಂತ ಹಟ ಹಿಡಿಯುವ ಎರಡು ಮೂರು ಜನರಿಗೆ ಹಚ್ಚುತ್ತೇನೆ, ಸುಳ್ಳು ಯಾಕೆ ಹೇಳಲಿ. ಬೆಂಗಳೂರಿನಿಂದ ನಾಯಿಗೆಂದೇ ಮಾಡಿದ, ನೀರಿನಲ್ಲಿ ಕರಗುವ ಬಣ್ಣ ತರಿಸುತ್ತೇನೆ. ಅಮೋನಿಯಾ, ಪೆರಾಕ್ಸೈಡ್, ಪಿಪಿಡಿ ಇಲ್ಲವೆಂದು ಚೀಟಿಯಲ್ಲಿ ಬರೆದಿರಬೇಕು. ಹಿಂದಿನ ದಿನ ಕರೆಸಿ ತೊಡೆಯ ಒಳಗೆ ನಾಲ್ಕಾಣೆಯಷ್ಟು ಜಾಗಕ್ಕೆ ಹಚ್ಚಿ ಒಂದು ಹಗಲು, ಒಂದು ರಾತ್ರಿ ಬಿಡುತ್ತೇನೆ. ಕೆಂಪಾದರೆ, ಕೆರೆದುಕೊಂಡರೆ ಅಲ್ಲಿಗೇ ಮುಗಿಯಿತು. ಹಚ್ಚುವುದು ಕತ್ತಿನ ಹಿಂಭಾಗಕ್ಕೆ ಮಾತ್ರ, ಅಲ್ಲಿಗೆ ಅದರ ನಾಲಿಗೆ ಮುಟ್ಟುವುದಿಲ್ಲ. ಮೊದಲು ಬಾಲಕ್ಕೂ ಹಚ್ಚುತ್ತಿದ್ದೆ, ಈಗ ಬಿಟ್ಟಿದ್ದೇನೆ. ಮೂತಿ, ಕಣ್ಣಿನ ಸುತ್ತ, ಹೊಟ್ಟೆ, ಪಾದ ಕೇಳಲೇಬೇಡಿ. ಮರಿಗಳಿಗೆ, ಗಬ್ಬದ ನಾಯಿಗೆ, ಕಜ್ಜಿ ಇದ್ದದ್ದಕ್ಕೆ ಇಲ್ಲ. ಹಚ್ಚುವಾಗ ನಾಯಿ ಬಾಲ ಒಳಗೆ ಎಳೆದುಕೊಂಡು ಪದೇ ಪದೇ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ ಅದಕ್ಕೆ ಬೇಡವಾಗಿದೆ ಅಂತ ಅರ್ಥ. ನಿದ್ದೆ ಬಂದಿದೆ ಅಂತ ಅಲ್ಲ. ಆಗ ನಿಲ್ಲಿಸಿ ದುಡ್ಡು ವಾಪಸ್ ಕೊಡುತ್ತೇನೆ.

ದುಗ್ಗಮ್ಮನ ಜಾತ್ರೆ ನಡೆದ ವರ್ಷ, ನಮ್ಮ ಓಣಿಯ ಹುಡುಗನೊಬ್ಬ ಅಂಗಡಿ ಬಾಗಿಲಿಗೆ ಬಂದು ನಿಂತ. ರಟ್ಟಿನ ಡಬ್ಬಿಯಲ್ಲಿ ಗುಲಾಬಿ ಬಣ್ಣದ ಒಂದು ಕೋಳಿಮರಿ. ಜಾತ್ರೆಯಲ್ಲಿ ಕೊಂಡದ್ದು. "ಆಂಟಿ, ಇದರ ಬಣ್ಣ ತೆಗೆದುಕೊಡ್ರಿ. ಎರಡು ತಂದಿದ್ವಿ. ಹಸಿರುದನ್ನ ಅಮ್ಮ ತೊಳದ್ರು, ರಾತ್ರಿ ಸತ್ತೋತು." ಅಮ್ಮನದು ತಪ್ಪಲ್ಲ. ಕೊಳೆ ಕಂಡರೆ ಯಾರಾದರೂ ತೊಳೆಯುತ್ತಾರೆ. ಆದರೆ ಆ ವಯಸ್ಸಿನ ಮರಿಗೆ ಮೈ ಬಿಸಿ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ಒದ್ದೆಯಾದರೆ ಚಳಿಗೇ ಹೋಗುತ್ತೆ. ಬಣ್ಣ ಅದರ ತುಪ್ಪಳದ ಮೇಲಷ್ಟೇ ಇದೆ, ತುಪ್ಪಳ ಉದುರಿ ಗರಿ ಬಂದ ಹಾಗೆ ತಾನಾಗಿ ಹೋಗುತ್ತೆ, ನೀನು ಏನೂ ಮಾಡಬೇಡ ಅಂದೆ. ಡಬ್ಬಿಯೊಳಗೆ ಹೊಟ್ಟು ಹಾಸಿ, ರಾತ್ರಿ ಮೇಲೊಂದು ಬಲ್ಬು ತೂಗುಹಾಕಿ, ಮರಿ ದೂರ ಹೋಗಿ ಬಾಯಿ ತೆರೆದರೆ ಬಲ್ಬು ಎತ್ತರಿಸು, ಬಲ್ಬಿನ ಕೆಳಗೇ ಮುದುಡಿ ಕೂತರೆ ಇಳಿಸು ಅಂತ ತೋರಿಸಿಕೊಟ್ಟೆ. ನುಚ್ಚು ಹಾಕು, ಆಳದ ಪಾತ್ರೆಯಲ್ಲಿ ನೀರಿಡಬೇಡ, ಮುಳುಗುತ್ತೆ ಅಂದೆ.

ಯುಗಾದಿ ಆದ ಮೇಲೆ ಒಂದು ದಿನ ಅದೇ ಹುಡುಗ ಕಂಕುಳಲ್ಲಿ ಬಿಳಿ ಹುಂಜದ ಪಡ್ಡೆ ಇಟ್ಟುಕೊಂಡು ಹೋಗುತ್ತಿದ್ದ. ಕರೆದು ನೋಡಿದೆ. ರೆಕ್ಕೆಯ ಕೆಳಗೆ ಒಂದೆರಡು ಕಡೆ ಇನ್ನೂ ತೆಳು ಗುಲಾಬಿ ತುಪ್ಪಳ ಉಳಿದಿತ್ತು. ಕೀಳಲೇನು ಅಂತ ಕೇಳಿದ. ಬೇಡ, ಬಿಡು ಅಂದೆ.